ಸುರಪುರದ ಗುಡ್ಡಕ್ಕೆ ನಾಯಿಮರಿ ತರಲು ಹೋಗುವವರಿಗೆ

"ಇದು ತ್ವಾಳದ ಕ್ರಾಸ್ ರೀ ಸರ. 12,000ಕ್ಕ ಒಂದ್ ರೂಪಾಯಿ ಕಡಿಮಿ ಆಗಂಗಿಲ್ಲ."

ಶಹಾಪುರ ದಾಟಿ ಸುರಪುರದ ಕಡೆ ಹೋಗುವ ರಸ್ತೆ ಪಕ್ಕ, ತಗಡಿನ ಶೆಡ್ಡಿನಲ್ಲಿ ಒಬ್ಬ ದಲ್ಲಾಳಿ ಹೀಗಂದ. ಕೈಯಲ್ಲಿ ಬೂದು ಬಣ್ಣದ ಮರಿ. ಎತ್ತಿಕೊಂಡು ನೋಡಿದೆ. ಕಿವಿ ಕತ್ತರಿಸಿ ಎರಡು ದಿನವೂ ಆಗಿರಲಿಲ್ಲ, ಅಂಚಿನಲ್ಲಿ ರಕ್ತ ಒಣಗಿ ಕರ್ರಗಾಗಿತ್ತು. ಕಣ್ಣಿನ ನೀಲಿ ಇನ್ನೂ ಹೋಗಿರಲಿಲ್ಲ. ಬಾಯಿ ತೆರೆದರೆ ಹಿಂದಿನ ಹಾಲುಹಲ್ಲು ಪೂರ್ತಿ ಬಂದಿರಲಿಲ್ಲ. ಅಂದರೆ ಐದು ವಾರದ ಕೂಸು. ತಾಯಿ ಎಲ್ಲಿ ಅಂದೆ. "ಊರಾಗ ಅದ" ಅಂದ. ಯಾವ ಊರು ಅಂದರೆ ಮಾತು ಬದಲಿಸಿದ.

ತ್ವಾಳದ ಕ್ರಾಸ್, ಅಂದರೆ ತೋಳಕ್ಕೂ ನಾಯಿಗೂ ಹುಟ್ಟಿದ ಮರಿ, ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳಾದರೆ ದುಡ್ಡು ಹೋಯ್ತು. ನಿಜವಾದರೆ ಇನ್ನೂ ಕೆಟ್ಟದ್ದು. ತೋಳವನ್ನು ಹಿಡಿಯುವುದೂ ಸಾಕುವುದೂ ಕಾನೂನಿನ ಪ್ರಕಾರ ಅಪರಾಧ. ಹೊಲದಲ್ಲಿ ಕುರಿ ಕಟ್ಟುವವರಿಗೆ ಅಂಥ ರಕ್ತದ ನಾಯಿ ಬೇಕಾದರೂ ಯಾಕೆ?

ನಾನು ಹೋದ ಕಾರಣ ಹೇಳುತ್ತೇನೆ. ನಮ್ಮ ಹೊಲ ಚಿಂಚೋಳಿ ಕಡೆ, ವನ್ಯಜೀವಿ ಧಾಮದ ಕಾಡಿಗೆ ಹತ್ತಿರ. ಶೇಂಗಾ ಕಾಳು ಕಟ್ಟುವ ಹೊತ್ತಿಗೆ ಹಂದಿ ಕಾಟ ಶುರು. ಒಂದು ರಾತ್ರಿಯಲ್ಲಿ ಅರ್ಧ ಎಕರೆ ಅಗೆದು ಹಾಕುತ್ತವೆ. ಮೊದಲು ಒಂದು ಶುದ್ಧ ತಳಿಯ ಮುಧೋಳ ನಾಯಿ ತಂದಿದ್ದೆ. ಚೆಂದದ ನಾಯಿ. ಮುಧೋಳ ತಳಿ ಬಗ್ಗೆ ನನಗೆ ಈಗಲೂ ಅಭಿಮಾನವೇ, ಸೇನೆಯವರೂ ಒಯ್ದು ತರಬೇತಿ ಕೊಟ್ಟಿದ್ದಾರೆ. ಆದರೆ ಅದು ಬಯಲಿನ ನಾಯಿ. ಕಣ್ಣಿಗೆ ಬಿದ್ದದ್ದರ ಹಿಂದೆ ಓಡುವುದು ಅದರ ಹುಟ್ಟುಗುಣ. ಮೊಲ ಕಂಡರೆ ಹೊಲ ಬಿಟ್ಟು ಹೋಗುತ್ತಿತ್ತು. ಚರ್ಮ ತೆಳು, ಮೈಮೇಲೆ ಕೊಬ್ಬಿಲ್ಲ, ಜಾಲಿ ಕಂಟಿಗೆ ನುಗ್ಗಿದರೆ ಹರಿದುಕೊಂಡೇ ಬರುತ್ತಿತ್ತು. ಕೊನೆಗೆ ಒಂದು ಸಲಗ ಹಂದಿ ಕೋರೆಯಿಂದ ಪಕ್ಕೆ ಸೀಳಿತು. 14 ಹೊಲಿಗೆ ಹಾಕಿಸಿದೆ. ಉಳಿಯಲಿಲ್ಲ.

ಸುರಪುರ, ಶಹಾಪುರದ ಕಲ್ಲುಗುಡ್ಡಗಳಲ್ಲಿ ಮುಧೋಳಕ್ಕೂ ಕುರಿಗಾಹಿಗಳ ನಾಟಿ ನಾಯಿಗೂ ಹುಟ್ಟಿದ ಮಿಶ್ರ ನಾಯಿಗಳಿವೆ ಅಂತ ನಮ್ಮ ಭಾವ ಹೇಳಿದರು. ಇಂಗ್ಲೆಂಡಿನಲ್ಲೂ ಇಂಥ ಪದ್ಧತಿ ಇದೆ. ಗ್ರೇಹೌಂಡ್‌ನಂಥ ಓಟದ ನಾಯಿಗೆ ಕುರಿ ಕಾಯುವ ನಾಯಿಯ ರಕ್ತ ಬೆರೆಸಿ 'ಲರ್ಚರ್' ಅಂತ ಸಾಕುತ್ತಾರೆ. ಕಾಲು ಒಂದರದು, ತಲೆ ಇನ್ನೊಂದರದು. ನನಗೆ ಬೇಕಿದ್ದದ್ದೂ ಅದೇ.

ಡಿಸೆಂಬರ್ ಕೊನೆಗೆ ಹೊರಟೆ. ಕಲಬುರಗಿಯಿಂದ ಜೇವರ್ಗಿ, ಶಹಾಪುರದವರೆಗೆ ಬಸ್ಸಿನಲ್ಲಿ ಆರಾಮ. ಅಲ್ಲಿಂದ ಮುಂದೆ ಅವಸರಪಟ್ಟು ಒಂದು ಕ್ರೂಸರ್ ಜೀಪು ಹತ್ತಿದೆ. ಅದೇ ತಪ್ಪು. ಒಳಗೆ 19 ಜನ, ಮೇಲೆ ನಾಲ್ವರು, ಹತ್ತಿ ಬಿಡಿಸಲು ಹೋಗುವವರ ಗಂಟುಮೂಟೆ ಬೇರೆ. ನನಗೆ ಇಕ್ಕಟ್ಟು ಒಗ್ಗುವುದಿಲ್ಲ, ಉಸಿರು ಕಟ್ಟುತ್ತದೆ. ಪ್ರತಿ ಕ್ರಾಸಿನಲ್ಲೂ ಹತ್ತು ನಿಮಿಷ ನಿಲ್ಲಿಸಿದ. ಆದರೂ ಜನಸಂದಣಿ ಸಹಿಸಿಕೊಳ್ಳುವವರು ಬಸ್ಸಿಗೆ ಕಾಯುವುದಕ್ಕಿಂತ ಮುಕ್ಕಾಲು ಗಂಟೆ ಉಳಿಸಿಕೊಳ್ಳಬಹುದು. ಉಳಿದವರು ಸುಮ್ನೆ ಬಸ್ಸಿಗೆ ಕಾಯಿರಿ. ಬರುವಾಗ ಮರಿ ಕೈಯಲ್ಲಿದ್ದರಂತೂ ಕ್ರೂಸರ್ ಬೇಡವೇ ಬೇಡ.

ಉಳಿದುಕೊಂಡ ಲಾಡ್ಜಿನಲ್ಲಿ 1,400 ರೂಪಾಯಿ ತೆಗೆದುಕೊಂಡರು. ಬಿಸಿನೀರು ಅಂದಿದ್ದರು, ಬೆಳಿಗ್ಗೆ ನಲ್ಲಿಯಲ್ಲಿ ತಣ್ಣೀರೂ ಬರಲಿಲ್ಲ. ಹಣ ಕೊಡುವ ಮುಂಚೆ ನಲ್ಲಿ ತಿರುವಿ ನೋಡಿ.

ಅದೆಲ್ಲ ಮರೆಸಿದ್ದು ಒಂದು ಖಾನಾವಳಿ. ಬೋರ್ಡು ಇಲ್ಲ, ಮನೆಯ ಪಡಸಾಲೆಯೇ ಖಾನಾವಳಿ. ಒಳಗೆ ರೊಟ್ಟಿ ತಟ್ಟುವ ಸದ್ದು ಕೇಳಿ ನಾನು ಹೋದದ್ದು. ತೆಳ್ಳಗಿನ ಬಿಸಿ ಜೋಳದ ರೊಟ್ಟಿ, ಮೇಲೆ ಬೆಣ್ಣೆ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಅಳತೆ ನೋಡದೆ ಹಾಕಿದ್ದರು. ಎಣ್ಣೆಗಾಯಿಯ ಮಸಾಲೆಯಲ್ಲಿ ಗುರೆಳ್ಳಿನ ಘಮ. ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಕೊನೆಗೆ ಅನ್ನದ ಜೊತೆ ತೊಗರಿಬೇಳೆ ಕಟ್ಟು. ನಮ್ಮ ಭಾಗದ ತೊಗರಿಬೇಳೆಗೆ ಇರುವ ಆ ರುಚಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಾಲ್ಕು ರೊಟ್ಟಿ ಆದ ಮೇಲೆ ಆ ತಾಯಿ ಕೇಳದೇ ಐದನೆಯದು ಹಾಕಿದರು. ಎಲ್ಲಾ ಸೇರಿ 70 ರೂಪಾಯಿ. ಎರಡು ಹೊತ್ತೂ ಅಲ್ಲೇ ಉಂಡೆ.

ಬಂದ ಕೆಲಸ ಹೇಳಿದಾಗ ದಾರಿ ತೋರಿಸಿದವರೂ ಅವರೇ. "ರೋಡಿನ್ಯಾಗ ಮಾರೋ ಮರಿ ಯಾಕ ತಗೋತಿ? ಬೋನಾಳ ದಾರ್‍ಯಾಗ ಕುರಿ ಮಂದಿ ಇಳದಾರ, ರಾತ್ರಿ ಹೋಗಿ ನಾಯಿ ಕೆಲಸ ನೋಡು."

ಅದಕ್ಕೇ ಹೇಳುವುದು, ಸುಗ್ಗಿ ಮುಗಿಯುವ ಚಳಿಗಾಲದಲ್ಲೇ ಹೋಗಿ. ಬೆಳೆ ತೆಗೆದ ಹೊಲದಲ್ಲಿ ಗೊಬ್ಬರಕ್ಕಾಗಿ ರೈತರು ರಾತ್ರಿ ಕುರಿ ನಿಲ್ಲಿಸುತ್ತಾರೆ. ಆಗ ಕುರುಬರ ನಾಯಿಗಳು ಒಂದೇ ಕಡೆ ಸಿಗುತ್ತವೆ, ಕೆಲಸ ಮಾಡುವುದೂ ಕಾಣುತ್ತದೆ. ಬೇಸಿಗೆಯಲ್ಲಿ ಮಂದೆ ಎಲ್ಲಿರುತ್ತದೋ, ಬಿಸಿಲು 43 ಡಿಗ್ರಿ ದಾಟುತ್ತದೆ.

ಆ ರಾತ್ರಿ ಕಂಬಳಿ ಹೊದ್ದು ಕುರುಬ ಅಜ್ಜನ ಪಕ್ಕ ಕೂತೆ. ಮೂರು ನಾಯಿ. ಎರಡು ಗುಡ್ಡದ ಕಡೆ ಮುಖ ಮಾಡಿ ಬೊಗಳುತ್ತಿದ್ದವು. ಮೂರನೆಯದು ಕೆಂಚು ಹೆಣ್ಣು ನಾಯಿ, ಮುಧೋಳದ ಎದೆ, ಉದ್ದ ಮೂತಿ, ಆದರೆ ಕೂದಲು ಒತ್ತು, ಸೊಂಟ ಅಷ್ಟು ಸಣ್ಣಗಿಲ್ಲ. ಅದು ಬೊಗಳಲಿಲ್ಲ. ಮಂದೆಯ ಸುತ್ತ ಒಂದು ಸುತ್ತು ಹಾಕಿ, ಬಂಡೆ ಮೇಲೆ ಹಾರಿ, ಗಾಳಿಯ ವಾಸನೆ ಹಿಡಿದು ನಿಂತಿತು. ಆಮೇಲೆ ಒಂದೇ ಒಂದು ಸಲ ಗಟ್ಟಿಯಾಗಿ ಕೂಗಿತು. ಅಜ್ಜ ತಕ್ಷಣ ಬ್ಯಾಟರಿ ಹಚ್ಚಿದ. ಕಂಟಿಯಲ್ಲಿ ಎರಡು ಕಣ್ಣು ಮಿಂಚಿ ಮರೆಯಾದವು. ನಾಯಿ ಹಿಂದೆ ಓಡಲಿಲ್ಲ. ಮಂದೆಗೆ ವಾಪಸ್ ಬಂತು. ಆ ವಾಪಸ್ ಬಂದದ್ದು ನೋಡಿ ನನ್ನ ಮನಸ್ಸು ನಿಂತಿತು.

ಬೆಳಿಗ್ಗೆ ಅದರ ಪಾದ ಕೈಯಲ್ಲಿ ಹಿಡಿದು ನೋಡಿದೆ. ಬೆರಳು ಒಂದಕ್ಕೊಂದು ಅಂಟಿಕೊಂಡು ಬಿಗಿಯಾಗಿದ್ದವು. ಅಂಗಾಲಿನ ಗಾದಿ ದಪ್ಪ, ಹಳೇ ಟೈರಿನಂತೆ ಒರಟು, ಒಂದು ಬಿರುಕೂ ಇಲ್ಲ. ಕಲ್ಲುಗುಡ್ಡದ ನಾಯಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ. ಬೆರಳು ಅಗಲಿ ಚಪ್ಪಟೆಯಾಗಿದ್ದರೆ ಬಂಡೆ ಮೇಲೆ ವಾರದಲ್ಲಿ ಕುಂಟುತ್ತದೆ. ಎತ್ತರ, ಬಣ್ಣ, ಕಿವಿ ಆಮೇಲಿನ ಮಾತು. ಇನ್ನೊಂದು, ಮಿಶ್ರ ತಳಿಯಲ್ಲಿ ಒಂದೇ ಸೂಲಿನ ಮರಿಗಳೂ ಒಂದೇ ಥರ ಇರುವುದಿಲ್ಲ. ಒಂದು ಮುಧೋಳದಂತೆ ಓಟಕ್ಕೆ ಬೀಳುತ್ತದೆ, ಒಂದು ನಾಟಿಯಂತೆ ಕೂತು ಬೊಗಳುತ್ತದೆ. ಮರಿ ನೋಡಿ ತೀರ್ಮಾನ ಮಾಡಬೇಡಿ. ತಾಯಿಯ ಕೆಲಸ ನೋಡಿ, ಸಾಧ್ಯವಾದರೆ ಹಿಂದಿನ ಸೂಲಿನ ಮಕ್ಕಳು ಯಾರ ಹೊಲದಲ್ಲಿವೆ ಅಂತ ಕೇಳಿ, ಅಲ್ಲಿಗೂ ಹೋಗಿ ಬನ್ನಿ.

ಬೇಟೆ ವಿಷಯ ಬಿಡುವಂತಿಲ್ಲ. ಸುರಪುರ ಬೇಡ ನಾಯಕರು ಆಳಿದ ಸೀಮೆ, ಬ್ಯಾಟಿ ನಾಯಿಯ ಮಾತು ಇಲ್ಲಿ ಪ್ರತಿ ಕಟ್ಟೆಯಲ್ಲೂ ಬರುತ್ತದೆ. ಶೆಡ್ಡಿನ ದಲ್ಲಾಳಿ ನನಗೆ "3,000 ಕೊಡ್ರಿ, ರಾತ್ರಿ ಮೊಲದ ಬ್ಯಾಟಿ ತೋರಸ್ತೀನಿ" ಅಂದಿದ್ದ. ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಬೇಟೆಯೇ, ಬಲೆ ಉರುಲು ಹಾಕುವುದೂ ಬೇಟೆಯೇ. ಈ ಬಯಲಲ್ಲಿ ಕೃಷ್ಣಮೃಗ ಇವೆ. ಕತ್ತಲಲ್ಲಿ ಬಿಟ್ಟ ನಾಯಿ ಮೊಲ ಯಾವುದು, ಮೃಗದ ಮರಿ ಯಾವುದು ಅಂತ ನೋಡುತ್ತದೆಯೇ? ಬೆಳೆ ಕಾಯಲು ಬೇಕಾದದ್ದು ಬದುವಿನೊಳಗೆ ನಿಂತು ಕೂಗುವ ನಾಯಿ. ಒಂಟಿ ನಾಯಿಯನ್ನು ಸಲಗ ಹಂದಿ ಮೇಲೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ.

ಕೆಂಚಿಯ ಮರಿಗಳಿಗೆ ಆಗ ನಾಲ್ಕು ವಾರ. ಅಜ್ಜ ಕೊಡಲಿಲ್ಲ. "ತಾಯಿ ಬೈಸ್ಕೊಂಡು, ಕಡಿಸ್ಕೊಂಡು ಬುದ್ಧಿ ಕಲೀಲಿ, ಆಮ್ಯಾಲ ಬಾ" ಅಂದ. ಎಂಟು ವಾರ ತುಂಬಿದ ಮೇಲೆ ಎರಡನೇ ಸಲ ಹೋದೆ. ಹೀಗಾಗಿ ಎರಡು ಪ್ರಯಾಣದ ಖರ್ಚು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಅಜ್ಜ ದುಡ್ಡಿಗೆ ಬಾಯಿ ಬಿಡಲಿಲ್ಲ. ಒಂದು ಕಂಬಳಿ, 2,000 ರೂಪಾಯಿ ಕೊಟ್ಟೆ.

ಮರಿ ತರಲು ಬಿದಿರು ಬುಟ್ಟಿ ಒಯ್ಯಿರಿ, ಒಳಗೆ ತಾಯಿ ಮಲಗಿದ್ದ ಗೋಣಿಚೀಲದ ತುಂಡು ಹಾಕಿ. ತಾಯಿ ವಾಸನೆ ಇದ್ದರೆ ಅಷ್ಟಾಗಿ ಕಿರುಚುವುದಿಲ್ಲ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಹಾಕಬೇಡಿ, ಬಸ್ಸಿನಲ್ಲಿ ಕಕ್ಕುತ್ತದೆ. ಕುರಿ ಮಂದೆಯ ಮರಿ ಅಂದಮೇಲೆ ರಕ್ತ ಹೀರುವ ಉಣ್ಣಿ ಇದ್ದೇ ಇರುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ ತೆಗೆಯಿರಿ. ಉಣ್ಣಿಯಿಂದ ಬರುವ ಜ್ವರ ನಾಯಿಯ ಜೀವಕ್ಕೇ ಬರುತ್ತದೆ. ಊರು ಮುಟ್ಟಿದ ಮಾರನೇ ದಿನವೇ ಪಶು ಆಸ್ಪತ್ರೆಗೆ ಒಯ್ದು ಜಂತಿನ ಔಷಧಿ, ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಲಸಿಕೆ ಪೂರ್ತಿ ಆಗುವವರೆಗೆ ಊರ ನಾಯಿಗಳ ಜೊತೆ ಬಿಡಬೇಡಿ.

ನಮ್ಮ ಮರಿಗೆ ಈಗ ಏಳು ತಿಂಗಳು. ಮೊನ್ನೆ ರಾತ್ರಿ ಬದುವಿನವರೆಗೆ ಓಡಿ, ಅಲ್ಲೇ ನಿಂತು, ಒಂದು ಸಲ ಕೂಗಿ ನನ್ನ ಕಡೆ ತಿರುಗಿ ನೋಡಿತು. ನಾನು ಬ್ಯಾಟರಿ ಹಚ್ಚಿದೆ.