ಮ್ಯಾಂಚೆಸ್ಟರಿನಲ್ಲಿ ಎರಡು ಸ್ವರದ ಜಗಳ

ಮ್ಯಾಂಚೆಸ್ಟರಿನಲ್ಲಿ ಅರುವತ್ತೈದು ದಾಟಿದ, ಸಂಗೀತದ ಹುಚ್ಚಿರುವ ಯಾರನ್ನೇ ಮಾತಿಗೆಳೆಯಿರಿ, 1976ರ ಜೂನ್ 4ರ ರಾತ್ರಿ ತಾನು ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿದ್ದೆ ಎನ್ನುತ್ತಾರೆ. ಇದು ಆ ಊರಿನ ಹಳೆಯ ತಮಾಷೆ. ಆ ರಾತ್ರಿ ಅಲ್ಲಿ ನುಡಿಸಿದ್ದು ಲಂಡನ್ನಿನಿಂದ ಬಂದ ಸೆಕ್ಸ್ ಪಿಸ್ಟಲ್ಸ್ ಎಂಬ ನಾಲ್ವರ ತಂಡ. ಪಂಕ್ ಎಂಬ ಒರಟು, ಸರಳ ರಾಕ್ ಸಂಗೀತ ಅವರದು. ಟಿಕೆಟಿಗೆ 50 ಪೆನ್ಸ್. ಬಂದವರು ನಲವತ್ತು ಮಂದಿಯ ಆಸುಪಾಸು. ಆದರೆ ಆ ಸಣ್ಣ ಗುಂಪಿನಲ್ಲಿ ಮುಂದೆ ಜಾಯ್ ಡಿವಿಷನ್ ಕಟ್ಟಿದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಇದ್ದರು, ದಿ ಫಾಲ್ ತಂಡದ ಮಾರ್ಕ್ ಇ. ಸ್ಮಿತ್ ಇದ್ದರು, ಮುಂದೆ ದಿ ಸ್ಮಿತ್ಸ್ ತಂಡದ ಹಾಡುಗಾರನಾದ ಹದಿನೇಳರ ಹುಡುಗ ಮೊರಿಸ್ಸಿ ಇದ್ದ. ಹುಕ್ ಮರುದಿನವೇ ಅಂಗಡಿಗೆ ಹೋಗಿ ಬೇಸ್ ಗಿಟಾರ್ ಕೊಂಡರು. ಕಛೇರಿಯೊಂದನ್ನು ಕೇಳಿ ಬಂದ ಶ್ರೋತೃಗಳೇ ಊರಿನ ಸಂಗೀತವನ್ನು ಬದಲಿಸಿದ ಇಂಥ ಇನ್ನೊಂದು ರಾತ್ರಿಯನ್ನು ನಾನು ಕೇಳಿಲ್ಲ.

ಅಣ್ಣನ ಮನೆ ಮ್ಯಾಂಚೆಸ್ಟರಿಗೆ ತಾಗಿಕೊಂಡಿರುವ ಸ್ಟಾಕ್‌ಪೋರ್ಟಿನಲ್ಲಿದೆ. ಹೋದ ಮೇಲೆ ಎಲ್ಲರಂತೆ ಸರೋವರಗಳ ಸೀಮೆ, ಯಾರ್ಕ್ ನಗರದ ಕೋಟೆಗೋಡೆ ಎಲ್ಲವನ್ನೂ ನೋಡಿದೆ. ಚೆನ್ನಾಗಿವೆ, ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನನ್ನು ಬರೆಯಲು ಕೂರಿಸಿದ್ದು ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ ಒಂದು ಇಡೀ ಮಧ್ಯಾಹ್ನ ನಡೆದ ವಾದ.

ಜೊತೆಗೆ ಬಂದವರು ಅತ್ತಿಗೆ. ಮಂಗಳೂರಿನವರು, ಚಿಕ್ಕಂದಿನಿಂದ ಪಿಟೀಲು ಕಲಿತವರು. ಶನಿವಾರ ಬೆಳಿಗ್ಗೆ ಅವರ ಮನೆಯ ಕೋಣೆಯಲ್ಲಿ ಮಕ್ಕಳ ಸರಳೆ, ಜಂಟಿವರಸೆ ಕೇಳಿಬರುತ್ತದೆ. ನಾನು ಕಾಲೇಜಿನ ದಿನಗಳಲ್ಲಿ ಕ್ಲ್ಯಾಶ್ ಎಂಬ ಪಂಕ್ ತಂಡದ ಕ್ಯಾಸೆಟ್ಟು ಕೇಳಿ ಕಿವಿ ಕೆಡಿಸಿಕೊಂಡವನು ಎಂಬುದು ಅವರ ಖಚಿತ ಅಭಿಪ್ರಾಯ.

ಮೊದಲು ಹಾಲ್ ನೋಡಲು ಹೋದೆವು. ಪೀಟರ್ ಸ್ಟ್ರೀಟಿನ ಆ ಕಟ್ಟಡ ಈಗ ಐಷಾರಾಮಿ ಹೋಟೆಲು. ಕಮಾನುಗಳ ಮುಂಭಾಗವನ್ನು ಉಳಿಸಿಕೊಂಡು ಹಿಂದಿನದನ್ನು ಹೊಸದಾಗಿ ಕಟ್ಟಿದ್ದಾರೆ. ಮತದಾನದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ 1819ರಲ್ಲಿ ಕುದುರೆ ಸವಾರರು ಕತ್ತಿ ಬೀಸಿದ ಪೀಟರ್‌ಲೂ ಹತ್ಯಾಕಾಂಡ ನಡೆದದ್ದು ಇದೇ ನೆಲದಲ್ಲಿ. ಇದೇ ಕಟ್ಟಡದ ದೊಡ್ಡ ಸಭಾಂಗಣದಲ್ಲಿ, 1966ರ ಮೇ 17ರಂದು, ಎಲೆಕ್ಟ್ರಿಕ್ ಗಿಟಾರ್ ಹಿಡಿದ ಬಾಬ್ ಡಿಲನ್‌ಗೆ ಪ್ರೇಕ್ಷಕನೊಬ್ಬ 'ಜೂಡಾಸ್!', ಅಂದರೆ ದ್ರೋಹಿ, ಎಂದು ಕೂಗಿದ್ದು. ಹತ್ತು ವರ್ಷ ಕಳೆದು ಮೇಲಿನ ಚಿಕ್ಕ ಹಾಲಿಗೆ ಪಿಸ್ಟಲ್ಸ್ ಬಂದರು. ಇಷ್ಟೆಲ್ಲ ಇತಿಹಾಸವನ್ನು ನಾನು ಲಾಬಿಯಲ್ಲಿ ನಿಂತು ಹೇಳಿ ಮುಗಿಸಿದಾಗ ಅತ್ತಿಗೆ ಸುತ್ತ ಕಣ್ಣಾಡಿಸಿ, "ಒಟ್ಟಿನಲ್ಲಿ ನಾವು ಬಂದದ್ದು ಲಿಫ್ಟ್ ನೋಡುವುದಕ್ಕೆ" ಎಂದರು.

ಅಲ್ಲಿಂದ ಪಿಕಡಿಲ್ಲಿ ಗಾರ್ಡನ್ಸ್‌ಗೆ ನಡೆದು, ಹಿಂದಿನ ಓಣಿಗಳಲ್ಲಿ ಅಲೆದು, ಮಳೆ ಜೋರಾದಾಗ ಆ ಅಂಗಡಿಯೊಳಗೆ ನುಗ್ಗಿದೆವು. ಮಾಲೀಕರು ಎಪ್ಪತ್ತರ ಹತ್ತಿರದವರು. ಮಾತಿಗೆ ಜನ ಸಿಕ್ಕಿದರೆ ವ್ಯಾಪಾರ ಮರೆಯುವ ಜಾತಿ. ನಾನು ಎಲ್ಲ ಪ್ರವಾಸಿಗಳೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಆ ರಾತ್ರಿ ನೀವು ಅಲ್ಲಿದ್ದಿರಾ?

"ಇಲ್ಲ," ಎಂದರು. "ಮನೆಯಲ್ಲಿ ಆರ್ಗನ್ ಅಭ್ಯಾಸ ಮಾಡುತ್ತಿದ್ದೆ. ಅಲ್ಲಿರಲಿಲ್ಲ ಎಂದು ಒಪ್ಪಿಕೊಳ್ಳುವ ನನ್ನ ವಯಸ್ಸಿನವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು."

ಅವರದೊಂದು ತಂಡವಿತ್ತಂತೆ. ಇಪ್ಪತ್ತು ನಿಮಿಷದ ರಚನೆಗಳು, ನಡುನಡುವೆ ಬದಲಾಗುವ ತಾಳ, ಉದ್ದುದ್ದ ಕೀಬೋರ್ಡ್ ಆಲಾಪ. ಪಂಕ್ ಬಂದ ವರ್ಷದೊಳಗೆ ಪಬ್ಬುಗಳಲ್ಲಿ ಕರೆಯುವವರೇ ಇಲ್ಲವಾದರು. "ನುಡಿಸಲು ಬರುತ್ತದೆ ಎಂಬುದೇ ನಾಚಿಕೆಯ ವಿಷಯವಾಯಿತು. ಗಿಟಾರಿನಲ್ಲಿ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಕಲಿ, ತಂಡ ಕಟ್ಟು ಎಂದು ಬರೆದು ಹಂಚಿದರು. ನಾಲ್ಕನೆಯದನ್ನು ಕಲಿಯಲು ಹತ್ತು ವರ್ಷ ಬೆವರು ಸುರಿಸಿದವರು ಎಲ್ಲಿಗೆ ಹೋಗಬೇಕಿತ್ತು?"

ಅತ್ತಿಗೆ ಸ್ಟೂಲ್ ಎಳೆದುಕೊಂಡು ಕುಳಿತರು. ತಮ್ಮ ಪಕ್ಷದವರು ಸಿಕ್ಕಿದ ಸಂತೋಷ ಮುಖದಲ್ಲಿ ಕಾಣುತ್ತಿತ್ತು.

ನಾನು ಪಿಸ್ಟಲ್ಸ್ ತಂಡದ ಪರ ವಕಾಲತ್ತು ಹಿಡಿದೆ. ಅವರಿಗೆ ನುಡಿಸಲು ಬರುತ್ತಿರಲಿಲ್ಲ ಎಂಬುದು ಮ್ಯಾನೇಜರ್ ಮಾಲ್ಕಮ್ ಮ್ಯಾಕ್ಲಾರನ್ ಹಬ್ಬಿಸಿದ ಜಾಹೀರಾತು. 1977ರ ಅಕ್ಟೋಬರಿನಲ್ಲಿ ಬಂದ ಅವರ ಒಂದೇ ಒಂದು ಸ್ಟುಡಿಯೋ ಆಲ್ಬಮ್ ಕೇಳಿ: ಸ್ಟೀವ್ ಜೋನ್ಸ್ ಗಿಟಾರಿನ ಮೇಲೆ ಗಿಟಾರ್ ಪೇರಿಸಿ ಗೋಡೆಯನ್ನೇ ಕಟ್ಟಿದ್ದಾರೆ. ಆಗ ತಂಡದ ಬೇಸ್ ವಾದಕನಾಗಿದ್ದ ಸಿಡ್ ವಿಷಸ್‌ಗೆ ನಿಜಕ್ಕೂ ಬೇಸ್ ಬರುತ್ತಿರಲಿಲ್ಲ. ಹಾಗಾಗಿ ಬಹುಪಾಲು ಬೇಸ್ ಕೂಡ ಜೋನ್ಸ್ ಅವರದೇ. ಪಾಲ್ ಕುಕ್ ಅವರ ಡ್ರಮ್ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಸರಿಯುವುದಿಲ್ಲ. ಇದನ್ನು ಬಾರದವರ ಗದ್ದಲ ಎನ್ನುವುದು ಹೇಗೆ?

ಮಾಲೀಕರು ನಕ್ಕರು. ನಾನು ಅವರ ಬಲೆಗೇ ಹೋಗಿ ಬಿದ್ದಿದ್ದೆ. "ಸರಿ. ಅದರ ನಿರ್ಮಾಪಕ ಯಾರು?"

"ಕ್ರಿಸ್ ಥಾಮಸ್."

"ನಮ್ಮಂತೆ ಉದ್ದುದ್ದ ನುಡಿಸುವ ಪಿಂಕ್ ಫ್ಲಾಯ್ಡ್ ತಂಡದ 1973ರ ಆಲ್ಬಮ್ಮಿನ ಮಿಶ್ರಣಕ್ಕೆ ಕುಳಿತದ್ದೂ ಅದೇ ಕ್ರಿಸ್ ಥಾಮಸ್. ನಿಮ್ಮ ಪಿಸ್ಟಲ್ಸ್ ಹಾಡುಗಾರ ಜಾನಿ ರಾಟನ್ 'ಪಿಂಕ್ ಫ್ಲಾಯ್ಡ್ ಎಂದರೆ ನನಗೆ ದ್ವೇಷ' ಎಂದು ಬರೆದ ಅಂಗಿ ತೊಟ್ಟು ತಿರುಗಿದ. ಆಮೇಲೆ ಫ್ಲಾಯ್ಡ್‌ನವರ ಮನುಷ್ಯನನ್ನೇ ಕರೆಸಿ ರೆಕಾರ್ಡ್ ಮಾಡಿಸಿದ!" ಅಷ್ಟಕ್ಕೇ ನಿಲ್ಲಿಸಲಿಲ್ಲ. 1977ರ ಜುಲೈನಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೋದವರು ರಾಟನ್‌ನನ್ನು ಕೂರಿಸಿಕೊಂಡು ಅವನ ಇಷ್ಟದ ಹಾಡುಗಳನ್ನು ಹಾಕಿಸಿದರು. ಅವನು ಆರಿಸಿದ್ದು ಜಮೈಕಾದ ರೆಗೆ, ಜರ್ಮನಿಯ ಕ್ಯಾನ್ ತಂಡ, ಮತ್ತು ಪೀಟರ್ ಹ್ಯಾಮಿಲ್. "ಹ್ಯಾಮಿಲ್ ಯಾರು ಗೊತ್ತೇ? ವ್ಯಾನ್ ಡರ್ ಗ್ರಾಫ್ ಜನರೇಟರ್! ಆ ತಂಡ ಹುಟ್ಟಿದ್ದು ಇಲ್ಲೇ, ನಮ್ಮ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ." ಈ ಕೊನೆಯ ವಾಕ್ಯವನ್ನು ಅವರು ತಮ್ಮ ಕೇರಿಯ ಹುಡುಗನಿಗೆ ರ‍್ಯಾಂಕ್ ಬಂದ ಸುದ್ದಿಯಂತೆ ಹೇಳಿದರು.

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಕೇಳುವುದು ಒಂದು, ನುಡಿಸುವುದು ಒಂದು. ಎಲ್ಲವನ್ನೂ ಕೇಳಿದವನು ಬಹುಪಾಲನ್ನು ಬಿಟ್ಟುಬಿಡಲು ನಿರ್ಧರಿಸಿದರೆ ಅದೂ ಸಂಗೀತಗಾರನ ಆಯ್ಕೆಯೇ ಅಲ್ಲವೇ? ಆದರೆ ಮಾಲೀಕರು ಒಳಗೆ ಹೋಗಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನ ಮಾಡಿದ ಒಂದು ಚಿಕ್ಕ ರೆಕಾರ್ಡ್ ತಂದರು. ಬಝ್‌ಕಾಕ್ಸ್ ತಂಡದ 'ಸ್ಪೈರಲ್ ಸ್ಕ್ರಾಚ್'. ಪಂಕ್ ಬಯ್ಯುವ ಮನುಷ್ಯ ಅದನ್ನು ಹಿಡಿದ ರೀತಿ ನೋಡಿಯೇ ವಾದದ ದಿಕ್ಕು ಬದಲಾಗುತ್ತದೆ ಎನಿಸಿತು.

ಪಿಸ್ಟಲ್ಸ್ ತಂಡವನ್ನು ಈ ಊರಿಗೆ ಕರೆಸಿದ್ದು ಹೋವರ್ಡ್ ಡಿವೋಟೋ ಮತ್ತು ಪೀಟ್ ಶೆಲ್ಲಿ ಎಂಬ ಬೋಲ್ಟನ್ ಕಾಲೇಜಿನ ಇಬ್ಬರು ಗೆಳೆಯರು. ಜೂನಿನಲ್ಲಿ ಅವರದೇ ತಂಡವಾದ ಬಝ್‌ಕಾಕ್ಸ್ ಸಿದ್ಧವಾಗಿರಲಿಲ್ಲ. ಜುಲೈ 20ಕ್ಕೆ ಪಿಸ್ಟಲ್ಸ್ ಮತ್ತೆ ಬಂದಾಗ ಬಝ್‌ಕಾಕ್ಸ್ ಕೂಡ ವೇದಿಕೆ ಹತ್ತಿತು. ಡಿಸೆಂಬರ್ 28ಕ್ಕೆ ಈ ರೆಕಾರ್ಡಿನ ನಾಲ್ಕು ಹಾಡುಗಳನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದರು. ಖರ್ಚು ಸುಮಾರು 500 ಪೌಂಡ್, ಅದೂ ಸಾಲ. ಶೆಲ್ಲಿಯ ತಂದೆಯೂ ಸಾಲ ಕೊಟ್ಟವರಲ್ಲಿ ಒಬ್ಬರು. ಕಂಪನಿಗಳ ಬಾಗಿಲು ತಟ್ಟದೆ ನ್ಯೂ ಹಾರ್ಮೋನ್ಸ್ ಎಂಬ ಸ್ವಂತ ಹೆಸರಿನಲ್ಲಿ 1977ರ ಜನವರಿಯಲ್ಲಿ 1000 ಪ್ರತಿ ಒತ್ತಿಸಿದರು. ಬೇಡಿಕೆ ಬಂದು ಮಾರಾಟ 16,000ದ ಹತ್ತಿರ ಹೋಯಿತು. ಹೊದಿಕೆಯ ಚಿತ್ರ ನಾವು ಆಗಷ್ಟೇ ದಾಟಿ ಬಂದಿದ್ದ ಪಿಕಡಿಲ್ಲಿಯ ರಾಬರ್ಟ್ ಪೀಲ್ ಪ್ರತಿಮೆಯ ಬುಡದಲ್ಲಿ ತೆಗೆದದ್ದು.

"ಇವರನ್ನು ನಾನು ಬಯ್ಯುವುದಿಲ್ಲ," ಎಂದು ಮಾಲೀಕರು ಮುಳ್ಳು ಇಳಿಸಿದರು. 'ಬೋರ್‌ಡಮ್' ಎಂಬ ಹಾಡು. ನಡುವೆ ಗಿಟಾರಿನ ಏಕವಾದನ ಬರುತ್ತದೆ. ಎರಡೇ ಸ್ವರ. ಅವೇ ಎರಡು, ಮತ್ತೆ ಅವೇ ಎರಡು, ಅರುವತ್ತಕ್ಕೂ ಹೆಚ್ಚು ಸಲ.

ಅತ್ತಿಗೆಯ ಬೆರಳುಗಳು ತೊಡೆಯ ಮೇಲೆ ಲೆಕ್ಕ ಹಾಕುತ್ತಿದ್ದವು. ಮೊದಲು ಹುಬ್ಬು ಗಂಟಿಕ್ಕಿತು, ನಂತರ ತುಟಿಯ ಕೊನೆಯಲ್ಲಿ ನಗು. ಹಾಡು ಮುಗಿದಾಗ, "ಇನ್ನೊಮ್ಮೆ ಹಾಕಲು ಹೇಳು" ಎಂದರು. ಎರಡನೆಯ ಸಲ ಕೇಳಿ ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ:

"ಮೂರನೆಯ ಸ್ವರ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯಿಸುತ್ತಾನೆ. ಬೇಸರದ ಮೇಲೆ ಹಾಡು ಬರೆದು ಕೇಳುವವನಿಗೇ ಬೇಸರ ಬರಿಸಿ ತಮಾಷೆ ನೋಡುತ್ತಾನೆ. ಇದು ಕೈ ಬಾರದವನ ಕೆಲಸ ಅಲ್ಲ ಮಾರಾಯ. ಕೈ ಬಾರದವನು ಮೂರು ನಾಲ್ಕು ಸ್ವರ ತಡಕಾಡಿ ಸಿಕ್ಕಿಬೀಳುತ್ತಾನೆ."

ಮಾಲೀಕರಿಗೆ ಅನುವಾದಿಸಿ ಹೇಳಿದೆ. ಅವರು ಮಾತನಾಡದೆ ಹೊದಿಕೆಯ ಹಿಂಭಾಗ ತೋರಿಸಿದರು. ಯಾವ ಹಾಡು ಎಷ್ಟನೆಯ ಸಲಕ್ಕೆ ಸರಿಯಾಯಿತು, ಯಾವುದಕ್ಕೆ ಮೇಲಿನಿಂದ ಏನು ಸೇರಿಸಿದರು ಎಂದೆಲ್ಲ ಅಲ್ಲಿ ಮುದ್ರಿಸಿದ್ದಾರೆ. 'ಬೋರ್‌ಡಮ್' ಎದುರು: ಮೊದಲ ಟೇಕ್, ಗಿಟಾರ್ ಡಬ್. ಅಂದರೆ ಹಾಡನ್ನು ಒಂದೇ ಏಟಿಗೆ ನುಡಿಸಿ, ಗಿಟಾರನ್ನು ಆಮೇಲೆ ಮೇಲಿನಿಂದ ಸೇರಿಸಿದ್ದಾರೆ. ಅತ್ತಿಗೆ ಗೆದ್ದವರಂತೆ ನನ್ನ ಕಡೆ ನೋಡಿದರು. ನನ್ನ ವಾದವನ್ನು ಗೆಲ್ಲಿಸಿದ್ದು ತಾನು ಎಂಬ ನೋಟ.

"ಆದರೆ ಒಂದು ಮಾತು," ಎಂದು ಬೆರಳೆತ್ತಿದರು. "ತಾಳಮಾನ ಅರಿಯೆ, ಒಲಿದಂತೆ ಹಾಡುವೆ ಎಂದ ಬಸವಣ್ಣನನ್ನು ಈಗ ತರಬೇಡ. ಹಾಡಲು ಬಾರದವರೆಲ್ಲ ಅದನ್ನೇ ತರುತ್ತಾರೆ." ನಾನು ನಿಜಕ್ಕೂ ಅದನ್ನೇ ತರಲು ಬಾಯಿ ತೆರೆದಿದ್ದೆ.

ಮುಂದೆ ಎಕ್ಸ್-ರೇ ಸ್ಪೆಕ್ಸ್ ಬಂತು. ಪಂಕ್ ತಂಡದಲ್ಲಿ ಸ್ಯಾಕ್ಸೋಫೋನ್ ಇರುವುದೇ ಅಪರೂಪ. ಅದನ್ನು ನುಡಿಸಿದ ಲೋರಾ ಲಾಜಿಕ್ ಇನ್ನೂ ಹದಿಹರೆಯದವಳು. 1994ರ ಪ್ರಾಮ್ಸ್ ಉತ್ಸವಕ್ಕೆ ಲಂಡನ್ನಿಗೆ ಬಂದ ನಮ್ಮ ಕದ್ರಿ ಗೋಪಾಲನಾಥರನ್ನು ಊರಿನ ದೇವಸ್ಥಾನದಲ್ಲಿ ಎದುರು ಕುಳಿತು ಕೇಳಿದವರ ಮುಂದೆ ಅದನ್ನು ಹಾಕಬಾರದಿತ್ತು. ಅತ್ತಿಗೆ ಎರಡೂ ಕಿವಿ ಮುಚ್ಚಿಕೊಂಡರು. ಆದರೆ ಸೊಮಾಲಿ ತಂದೆಯ ಮಗಳಾದ ಪಾಲಿ ಸ್ಟೈರೀನ್ ಬಾಯಿ ತೆರೆದ ಕೂಡಲೇ ಒಂದು ಕೈ ಕೆಳಗಿಳಿಯಿತು. "ಈ ಹುಡುಗಿಗೆ ಶಾರೀರವಿದೆ." ಆಕೆ ಮುಂದೆ ಹರೇ ಕೃಷ್ಣ ಪಂಥಕ್ಕೆ ಸೇರಿದಳು ಎಂದು ಮಾಲೀಕರು ಹೇಳಿದಾಗ ಇನ್ನೊಂದು ಕೈಯೂ ಇಳಿಯಿತು.

ಅಂಗಡಿ ಮುಚ್ಚುವ ಹೊತ್ತಾಗಿತ್ತು. ಮೂಲ ಪ್ರತಿಯನ್ನು ಅವರು ಮಾರಲಿಲ್ಲ. ಮರುಮುದ್ರಣದ ಪ್ರತಿಯೊಂದನ್ನು ಅತ್ತಿಗೆ ಚೌಕಾಸಿ ಮಾಡಿ ಕೊಂಡರು. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ.

ಲಂಡನ್ನಿನ ದಿನಗಳನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಮೊದಲು ಆದದ್ದು ಮೋಸ. ಪಂಕ್ ಜಾಗಗಳನ್ನು ತೋರಿಸುವ ನಡಿಗೆಯೊಂದಕ್ಕೆ ಆನ್‌ಲೈನಿನಲ್ಲಿ ಹಣ ಕಟ್ಟಿ, ಹೇಳಿದ ಮೂಲೆಯಲ್ಲಿ ಮಳೆಯಲ್ಲಿ ಒಂದು ಗಂಟೆ ನಿಂತೆ. ಯಾರೂ ಬರಲಿಲ್ಲ. ಹಣ ಕೇಳಿದರೆ, ಮಾರ್ಗದರ್ಶಿ ಬಂದಿದ್ದ, ನೀವೇ ಇರಲಿಲ್ಲ ಎಂಬ ಉತ್ತರ ಬಂತು. ಹೋಗುವವರಿಗೆ ಹೇಳುತ್ತೇನೆ: ಯಾರಿಗೂ ಕಾಸು ಕೊಡಬೇಡಿ. ಟಾಟ್ನಮ್ ಕೋರ್ಟ್ ರೋಡ್ ನಿಲ್ದಾಣದಲ್ಲಿ ಇಳಿಯಿರಿ, ಮುಖ್ಯವಾದದ್ದೆಲ್ಲ ಕಾಲಳತೆಯಲ್ಲಿದೆ. 1975ರ ನವೆಂಬರ್ 6ರಂದು ಪಿಸ್ಟಲ್ಸ್ ಮೊದಲ ಬಾರಿಗೆ ವೇದಿಕೆ ಹತ್ತಿದ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ಕಟ್ಟಡದಲ್ಲಿ ಈಗ ಫಾಯ್ಲ್ಸ್ ಪುಸ್ತಕದಂಗಡಿಯಿದೆ. ಪಕ್ಕದ ಡೆನ್ಮಾರ್ಕ್ ಸ್ಟ್ರೀಟಿನ 6ನೆಯ ನಂಬರಿನಲ್ಲಿ ರಾಟನ್ ಗೋಡೆಯ ಮೇಲೆ ಗೀಚಿದ ವ್ಯಂಗ್ಯಚಿತ್ರಗಳಿವೆ. ಕಟ್ಟಡಕ್ಕೆ 2016ರಲ್ಲಿ ಎರಡನೆಯ ದರ್ಜೆಯ ವಿಶೇಷ ರಕ್ಷಣೆ ಸಿಕ್ಕಿ, ಈಗ ಅದೂ ಹೋಟೆಲಾಗಿದೆ. ಪಂಕ್ ಹೆಜ್ಜೆ ಇಟ್ಟಲ್ಲೆಲ್ಲ ಹೋಟೆಲು ಎದ್ದಿರುವುದನ್ನು ಕಂಡು ನನಗೆ ರೇಗಿತು. ಕ್ಯಾಮ್ಡೆನ್‌ನಲ್ಲಿ ಪಿನ್ನು ಚುಚ್ಚಿದ ಟೀ ಶರ್ಟುಗಳ ರಾಶಿ ನೋಡಿ ಇನ್ನಷ್ಟು. ಸಮಾಧಾನ ಕೊಟ್ಟದ್ದು ಆಕ್ಸ್‌ಫರ್ಡ್ ಸ್ಟ್ರೀಟಿನ ನೆಲಮಾಳಿಗೆಯ 100 ಕ್ಲಬ್. 1976ರ ಸೆಪ್ಟೆಂಬರಿನಲ್ಲಿ ಎರಡು ದಿನದ ಪಂಕ್ ಉತ್ಸವ ನಡೆದ ಜಾಗ. ಅದು ಇಂದಿಗೂ ಸಂಗೀತದ್ದೇ ಜಾಗ. ನಾನು ಹೋದ ರಾತ್ರಿ ಜಾಝ್ ಇತ್ತು, ಬಿಯರ್ ಸುಮಾರಾಗಿತ್ತು.

ಅದೇ ನಿಲ್ದಾಣದಿಂದ ಎಲಿಜಬೆತ್ ಲೈನ್ ರೈಲು ನೇರವಾಗಿ ಸೌಥಾಲ್‌ಗೆ ಹೋಗುತ್ತದೆ. ನಾನು ಹತ್ತಿದ್ದು ಊಟಕ್ಕಾಗಿ. ಪಂಜಾಬಿಗಳ ಬೀದಿ, ಜಿಲೇಬಿಯ ಎಣ್ಣೆ, ಬಂಗಾರದ ಅಂಗಡಿಗಳು. ಟೌನ್ ಹಾಲಿನ ಗೋಡೆಯ ಮೇಲಿನ ಫಲಕಗಳ ಎದುರು ನಿಂತಾಗ ಹಸಿವು ಮರೆಯಿತು. ಒಂದರಲ್ಲಿ ಗುರ್ದೀಪ್ ಸಿಂಗ್ ಛಗ್ಗರ್ ಹೆಸರು. ಹದಿನೆಂಟರ ವಿದ್ಯಾರ್ಥಿ, ಬಿಳಿಯ ಯುವಕರ ಗುಂಪು ಅವನನ್ನು ಇಲ್ಲಿನ ಡೊಮಿನಿಯನ್ ಚಿತ್ರಮಂದಿರದ ಬಳಿ ಇರಿದು ಕೊಂದಿತು. ದಿನಾಂಕ 1976ರ ಜೂನ್ 4.

ಅಂದರೆ ಅದೇ ದಿನ. ಆ ದಿನಾಂಕವನ್ನು ನಾನು ವರ್ಷಗಳಿಂದ ಸಂಗೀತದ ದಿನಾಂಕ ಎಂದೇ ಹೇಳುತ್ತ ಬಂದಿದ್ದೆ.

ಆಗಿನ ಪಂಕರಲ್ಲಿ ಕೆಲವರು ಬರೀ ಕೆಣಕುವ ಹುಮ್ಮಸ್ಸಿಗೆ ತೋಳಿಗೆ ನಾಜಿ ಚಿಹ್ನೆ ಕಟ್ಟಿಕೊಂಡು ತಿರುಗಿದವರು. ಅದನ್ನು ನಾನು ಹುಡುಗಾಟ ಎಂದು ಬಿಟ್ಟುಕೊಡಲಾರೆ, ಆ ಬೀದಿಯಲ್ಲಿ ನಿಂತ ಮೇಲಂತೂ ಇಲ್ಲ. ಆದರೆ ಆ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಿಂದ ವಲಸಿಗರನ್ನು ಹಳಿದದ್ದು ಗಿಟಾರಿನ ದೇವರು ಎನಿಸಿಕೊಂಡಿದ್ದ ಎರಿಕ್ ಕ್ಲ್ಯಾಪ್ಟನ್. ಅದಕ್ಕೆ ಎದುರಾಗಿ ಹುಟ್ಟಿದ 'ರಾಕ್ ಎಗೆನ್ಸ್ಟ್ ರೇಸಿಸಮ್' (ಜನಾಂಗದ್ವೇಷದ ವಿರುದ್ಧ ರಾಕ್) ಚಳವಳಿ 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿಗೆ ಮೆರವಣಿಗೆ ಹೋದಾಗ, ಅಲ್ಲಿ ಕ್ಲ್ಯಾಶ್ ಮತ್ತು ಎಕ್ಸ್-ರೇ ಸ್ಪೆಕ್ಸ್ ನುಡಿಸಿದವು. ರೆಗೆಯ ಸ್ಟೀಲ್ ಪಲ್ಸ್ ಜೊತೆಗಿತ್ತು. ಮರುವರ್ಷ ದಕ್ಷಿಣ ಲಂಡನ್ನಿನ ಪಾಕಿಸ್ತಾನಿ ಮೂಲದ ಹುಡುಗರು ಏಲಿಯನ್ ಕಲ್ಚರ್, ಅಂದರೆ ಪರಕೀಯ ಸಂಸ್ಕೃತಿ, ಎಂಬ ಪಂಕ್ ತಂಡ ಕಟ್ಟಿದರು. ಬೇರೆ ಸಂಸ್ಕೃತಿಯವರು ದೇಶವನ್ನು ಮುಳುಗಿಸಿಬಿಡುತ್ತಾರೆಂಬ ಭಯ ಜನರಿಗಿದೆ ಎಂದು ಟಿವಿಯಲ್ಲಿ ಹೇಳಿದ್ದ ಮಾರ್ಗರೆಟ್ ಥ್ಯಾಚರ್‌ಗೆ ಆ ಹೆಸರೇ ಉತ್ತರ. ಹತ್ತು ವರ್ಷ ಆರ್ಗನ್ ಕಲಿತು ಬರುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ. ಹಾಗೆಂದು ಅವರ ರೆಕಾರ್ಡ್ ಬಝ್‌ಕಾಕ್ಸ್ ರೆಕಾರ್ಡಿನಷ್ಟು ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಕಾರಣ ಒಳ್ಳೆಯದಾದ ಮಾತ್ರಕ್ಕೆ ಹಾಡು ಒಳ್ಳೆಯದಾಗುವುದಿಲ್ಲ, ಮತ್ತು ಆ ಹಾಡಿಗೆ ಕಿವಿ ಕೊಡದೆ ಇರುವುದಕ್ಕೆ ಇದು ನೆಪವೂ ಅಲ್ಲ.

ರಾತ್ರಿ ಅತ್ತಿಗೆಗೆ ಫೋನ್ ಮಾಡಿ ದಿನಾಂಕದ ಸಂಗತಿ ಹೇಳಿದೆ. ಬಹಳ ಹೊತ್ತು ಅದನ್ನೇ ಕೇಳಿದರು: ಹುಡುಗನ ವಯಸ್ಸು, ಊರು, ಕೊಂದವರಿಗೆ ಏನಾಯಿತು. ಆಮೇಲೆ ಏಲಿಯನ್ ಕಲ್ಚರ್ ಹಾಡು ಕಳಿಸಲೇ ಎಂದೆ.

"ಚೆನ್ನಾಗಿ ನುಡಿಸುತ್ತಾರೆಯೇ?"

"ಸುಮಾರು."

"ಕಳಿಸು. ಆ ಅಂಗಡಿಯವರಿಗೂ ನಾನೇ ಹೋಗಿ ಕೇಳಿಸುತ್ತೇನೆ, ಬಯ್ಯಲಿ."