ಎರಡು ಕೊಕ್ಕೆ, ಒಂದು ಅಂಜೂರದ ಎಲೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಮೈಕೆಲೆಂಜೆಲೊನ ಡೇವಿಡ್ ಶಿಲ್ಪದ ಪ್ಲಾಸ್ಟರಿನ ಪಡಿಯಚ್ಚೊಂದಿದೆ. 1857ರಲ್ಲಿ ಟಸ್ಕನಿಯ ದೊರೆ ವಿಕ್ಟೋರಿಯಾ ರಾಣಿಗೆ ಕೊಟ್ಟ ಉಡುಗೊರೆ ಅದು. ಆ ಬೆತ್ತಲೆ ಮೂರ್ತಿಯನ್ನು ಕಂಡು ರಾಣಿ ಬೆಚ್ಚಿಬಿದ್ದರೆಂದು ಕತೆಯಿದೆ. ಕತೆ ಹೇಗೇ ಇರಲಿ, ಪ್ಲಾಸ್ಟರಿನಲ್ಲೇ ಅಂಜೂರದ ಎಲೆಯೊಂದನ್ನು ಮಾಡಿಸಿ, ರಾಜಮನೆತನದವರು ಬರುವ ದಿನ ಅದನ್ನು ಮೂರ್ತಿಯ ಮೇಲಿನ ಎರಡು ಕೊಕ್ಕೆಗಳಿಗೆ ಸಿಕ್ಕಿಸುತ್ತಿದ್ದುದು ನಿಜ. ಈಗ ಆ ಎಲೆ ಮೂರ್ತಿಯ ಪೀಠದ ಹಿಂಬದಿಯ ಪೆಟ್ಟಿಗೆಯಲ್ಲಿ ತಾನೇ ಒಂದು ನೋಡುವ ವಸ್ತುವಾಗಿ ಕುಳಿತಿದೆ.

ನನ್ನನ್ನು ಕಾಡುವುದು ಎಲೆಗಿಂತ ಹೆಚ್ಚಾಗಿ ಆ ಕೊಕ್ಕೆಗಳು. ಬೆತ್ತಲೆ ಮೈ ನೋಡುವವರನ್ನು ಕೆಡಿಸುತ್ತದೆಂದು ಮನಸಾರೆ ನಂಬಿದವರು ಎಲೆಯನ್ನು ಗಾರೆ ಮೆತ್ತಿ ಕಾಯಂ ಅಂಟಿಸಿಬಿಡುತ್ತಿದ್ದರು. ದಿನನಿತ್ಯದ ನೋಡುಗನ ಮುಂದೆ ಕಾಣಿಸದ ಮುಜುಗರ ದೊಡ್ಡವರು ಬಂದಾಗ ಮಾತ್ರ ಕಾಣಿಸಿಕೊಳ್ಳುವುದಾದರೆ, ಅದನ್ನು ನೀತಿ ಎನ್ನುವುದಕ್ಕಿಂತ ಉಪಚಾರ ಎನ್ನುವುದೇ ಸರಿ. (ಗೊಮ್ಮಟನ ಪಾದದ ಬಳಿ ಅಜ್ಜಿಯ ಕೈ ಹಿಡಿದು ನಿಂತವರಿಗೆ ಇದೆಲ್ಲ ನಗೆ ತರಿಸೀತು, ಆದರೆ ಅಲ್ಲಿ ಮೂರ್ತಿಯನ್ನು ಕಾಯುತ್ತಿರುವುದು ಕಲಾಭಿಮಾನಕ್ಕಿಂತ ಭಕ್ತಿ ಎಂಬುದನ್ನೂ ಒಪ್ಪಬೇಕು.)

ವಾಷಿಂಗ್ಟನ್ನಿನ ನ್ಯಾಯ ಇಲಾಖೆಯ ಸಭಾಂಗಣದಲ್ಲಿ ಹನ್ನೆರಡು ಅಡಿಗೂ ಎತ್ತರದ, ಒಂದು ಸ್ತನ ತೆರೆದಿರುವ ಅಲ್ಯೂಮಿನಿಯಂ ಸ್ತ್ರೀಮೂರ್ತಿಯಿದೆ. ‘ನ್ಯಾಯದ ಚೈತನ್ಯ’ ಎಂಬ ಅರ್ಥದ ಹೆಸರು ಅದಕ್ಕೆ. 1930ರ ದಶಕದಿಂದ ಅಲ್ಲೇ ನಿಂತಿದ್ದ ಅವಳ ಮುಂದೆ 2002ರ ಜನವರಿಯಲ್ಲಿ, ಜಾನ್ ಆಶ್‌ಕ್ರಾಫ್ಟ್ ಅಟಾರ್ನಿ ಜನರಲ್ (ಎಂದರೆ ಆ ಇಲಾಖೆಯ ಸಚಿವ) ಆಗಿದ್ದಾಗ, ಸುಮಾರು 8,000 ಡಾಲರಿನ ನೀಲಿ ಪರದೆ ಇಳಿಬಿತ್ತು. ಟಿ.ವಿ. ಕ್ಯಾಮೆರಾಗಳಿಗೆ ಹಿನ್ನೆಲೆ ಚೆನ್ನಾಗಿರಲೆಂದು ಹಾಕಿದ್ದೇವೆ ಎಂಬುದು ಇಲಾಖೆಯ ಸಮಜಾಯಿಷಿ. ಜನ ನಕ್ಕರು, ಆದರೆ ಆ ಮಾತಿನಲ್ಲಿ ಒಂದು ಪ್ರಾಮಾಣಿಕತೆಯೂ ಇದೆಯೆಂದು ನನಗನ್ನಿಸುತ್ತದೆ: ಸಚಿವರ ಭುಜದ ಹಿಂದೆ ಆ ಎದೆ ಕಾಣಿಸುವ ಪತ್ರಿಕಾ ಚಿತ್ರಗಳು ಅದಕ್ಕೂ ಮೊದಲೇ ಸಾಕಷ್ಟು ಹರಿದಾಡಿದ್ದವು. 2005ರಲ್ಲಿ ಬೇರೊಬ್ಬರು ಅದೇ ಹುದ್ದೆಯಲ್ಲಿದ್ದಾಗ ಪರದೆ ಸದ್ದಿಲ್ಲದೆ ಹೋಯಿತು.

ರೋಮ್ ನಗರದ ಕ್ಯಾಪಿಟೊಲೈನ್ ಸಂಗ್ರಹಾಲಯದ್ದು ಇನ್ನೂ ವಿಚಿತ್ರ. 2016ರ ಜನವರಿಯಲ್ಲಿ ಇರಾನಿನ ಅಧ್ಯಕ್ಷ ಹಸನ್ ರೂಹಾನಿ ಅಲ್ಲಿಗೆ ಬಂದಾಗ ವೀನಸ್ ಸೇರಿದಂತೆ ಹಲವು ನಗ್ನ ಶಿಲ್ಪಗಳ ಸುತ್ತ ಬಿಳಿ ಹಲಗೆಗಳ ಪೆಟ್ಟಿಗೆ ಕಟ್ಟಲಾಗಿತ್ತು. ಇಟಲಿಯಲ್ಲಿ ಗದ್ದಲವೆದ್ದ ಮೇಲೆ ಅಲ್ಲಿನ ಸಂಸ್ಕೃತಿ ಸಚಿವರು, ಈ ತೀರ್ಮಾನ ತಮಗೂ ತಿಳಿದಿರಲಿಲ್ಲ, ಪ್ರಧಾನಿಗೂ ತಿಳಿದಿರಲಿಲ್ಲ ಎಂದರು. ರೂಹಾನಿ, ನಾವು ಕೇಳಿಯೇ ಇರಲಿಲ್ಲ ಎಂದು ಹೇಳಿ ಇಟಲಿಯವರ ಅತಿಥಿಸತ್ಕಾರವನ್ನು ಹೊಗಳಿದರು. ಅತಿಥಿ ಕೇಳಿಲ್ಲ, ಮನೆಯ ಯಜಮಾನನಿಗೆ ಗೊತ್ತಿಲ್ಲ. ಹಲಗೆಗಳು ಮಾತ್ರ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದ್ದವು.