ಕಾಡು ಕರ್ಣಕುಂಡಲ: ಕಾಯಿ ಸಿಡಿಯುವ ಮುನ್ನ

ಮೈಸೂರು, ಮಂಡ್ಯ ಸೀಮೆಯ ಕಲ್ಲುಬೆಟ್ಟಗಳಲ್ಲಿ ಮುಂಗಾರು ಹಿಡಿದ ಮೇಲೆ ಬಂಡೆ ಸಂದಿಗಳನ್ನು ನೋಡಬೇಕು. ತರಗು ಕೊಳೆತು ನಾಲ್ಕು ಬೆರಳು ಮಣ್ಣು ಕೂತಿದ್ದರೆ ಕರ್ಣಕುಂಡಲಕ್ಕೆ ಅದೇ ಸಾಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಮರದ ನೆರಳು ಬರುವ ಇಳಿಜಾರು ಇದಕ್ಕೆ ಹೇಳಿಮಾಡಿಸಿದ ಜಾಗ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಇಂಪೇಷಿಯೆನ್ಸ್ ಬಾಲ್ಸಮಿನಾ. ಮೊದಲ ಪದಕ್ಕೆ ತಾಳ್ಮೆಯಿಲ್ಲದ್ದು ಎಂದರ್ಥ. ಕೆಲವೆಡೆ ಇದಕ್ಕೂ ಗೌರಿ ಹೂ ಎನ್ನುತ್ತಾರೆ. ಅದೇ ಹೆಸರಿನ ಅಗ್ನಿಶಿಖೆ ಬಳ್ಳಿ ಕಡುವಿಷ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಕಾಡಿನದು ಒಂಟಿ ಸುತ್ತಿನ ಹೂ, ಹಿಂದೆ ಬಾಗಿದ ಸಣ್ಣ ಕೊಂಬು. ಮಕರಂದ ಇರುವುದು ಆ ಕೊಂಬಿನೊಳಗೆ. ಹೂ ಅರಳಿದಾಗ ಕೇಸರಗಳು ಟೋಪಿಯಂತೆ ಅಂಟಿಕೊಂಡು ಶಲಾಕಾಗ್ರವನ್ನು, ಅಂದರೆ ಹೂವಿನ ಹೆಣ್ಣು ಭಾಗದ ತುದಿಯನ್ನು, ಮುಚ್ಚಿರುತ್ತವೆ. ಟೋಪಿ ಕಳಚಿ ಬಿದ್ದ ಮೇಲಷ್ಟೇ ಅದು ಪರಾಗ ಹಿಡಿಯಲು ತೆರೆದುಕೊಳ್ಳುತ್ತದೆ. ಅಂಗಳದ ಸುತ್ತುಹೂವಿನ ಜಾತಿ ಪಕ್ಕದಲ್ಲಿದ್ದರೆ ಜೇನು ಎರಡನ್ನೂ ಬೆರೆಸಿಬಿಡುತ್ತದೆ. ಕಾಡಿನ ತಳಿ ಹಾಗೇ ಉಳಿಯಬೇಕೆಂದರೆ ದೂರ ಬೆಳೆಸಿ.

ಬೀಜ ಹಿಡಿಯುವುದೇ ಕಷ್ಟ. ಹಸಿ ಕಾಯಿ ಕಿತ್ತರೆ ಬಿಳಿ ಬೀಜ, ಮೊಳೆಯುವುದಿಲ್ಲ. ಒಂದು ದಿನ ತಡವಾದರೆ ಐದು ಹೋಳೂ ಸುರುಳಿಯಾಗಿ ಸಿಡಿದು ಬರೀ ತೊಟ್ಟು ಉಳಿದಿರುತ್ತದೆ. ಉಬ್ಬಿದ ಕಾಯಿ ಕಡುಹಸಿರಿನಿಂದ ತಿಳಿಹಳದಿಗೆ ತಿರುಗಿದಾಗ ಇಡೀ ಕಾಯಿಯನ್ನು ಅಂಗೈಯೊಳಗೆ ಮುಚ್ಚಿ ಹಿಡಿದು ಒತ್ತಿ. ತೆಳು ಬಟ್ಟೆಯ ಚೀಲ ಕಟ್ಟಿಬಿಟ್ಟರೆ ಇನ್ನೂ ನಿಶ್ಚಿಂತೆ. ಕಂದು ಬೀಜವನ್ನು ಒಂದು ವಾರ ನೆರಳಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಬೀಜ ಮನೆ ತೋಟದ ಗಿಡದಿಂದಲೇ ಇರಲಿ. ಚಾಮುಂಡಿ ಬೆಟ್ಟ ಮೀಸಲು ಅರಣ್ಯ, ಅಲ್ಲಿ ನೋಡಿ ಬರುವುದಷ್ಟೇ.

ಕೆಮ್ಮಣ್ಣು, ಎಲೆಗೊಬ್ಬರ, ದಪ್ಪ ಮರಳು ಸಮಸಮ ಬೆರೆಸಿ. ಜೂನ್ ಮೊದಲ ವಾರ ಬಿತ್ತಿ ಮೇಲೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಮುಚ್ಚಬೇಡಿ. ಎಂಟರಿಂದ ಹದಿನಾಲ್ಕು ದಿನಕ್ಕೆ ಮೊಳಕೆ, ಎರಡು ತಿಂಗಳು ದಾಟುತ್ತಲೇ ಹೂ. ಗೌರಿ ಹಬ್ಬಕ್ಕೆ ಸರಿಹೊಂದುತ್ತದೆ. ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಡಿ. ಒತ್ತಾದರೆ ಗಾಳಿಯಾಡದೆ ಎಲೆಗೆ ಬೂದಿರೋಗ ಬರುತ್ತದೆ.

ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಿಂದ ನೀರು ಸುರಿಯಬೇಡಿ, ಮೊದಲು ಮಣ್ಣು ಮುಟ್ಟಿ ನೋಡಿ. ಹಸಿಯಿದ್ದೂ ಸಂಜೆಗೆ ಚೇತರಿಸದಿದ್ದರೆ ಬುಡ ಕೊಳೆಯುತ್ತಿದೆ ಎಂದೇ ಲೆಕ್ಕ. ನೀರು ತುಂಬಿದ ರಸಭರಿತ ಕಾಂಡ ಬೇಗ ಸೋಲುತ್ತದೆ. ರಾತ್ರೋರಾತ್ರಿ ಎಲೆ ಖಾಲಿಯಾಗಿದ್ದರೆ ಬಾಲದ ಮೇಲೆ ಕೊಂಬಿರುವ ದಪ್ಪ ಹುಳುವನ್ನು ಹುಡುಕಿ. ಕೈಯಲ್ಲೇ ಎತ್ತಿ ದೂರದ ಗಿಡಕ್ಕೆ ಬಿಡಿ, ಮದ್ದು ಬೇಡ. ಮುಂದೆ ಅದೇ ಪತಂಗವಾಗುತ್ತದೆ.